ಮೂಲ ಕಂಪನದ ಶುದ್ಧಿ

(ಶತಮಾನೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಒಂದನೆಯ ತರಗತಿಗೆ ಮಗುವನ್ನು ಸೇರಿಸಲು ಬರುವ ತಂದೆತಾಯಂದಿರು ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಕಲಿತರೆ ಮುಂದೆ ವಿಜ್ಞಾನ ತಲೆಗೆ ಹತ್ತೀತೇ?" ಈ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಉತ್ತರವಾಗಿ ಇಂದು ಒಂದು ವಿದ್ಯುನ್ಮಂಡಲವನ್ನು ಕನ್ನಡದಲ್ಲಿಯೇ ವಿವರಿಸಬಯಸುತ್ತೇವೆ. ಅದರ ಹೆಸರು ಆವೃತ್ತಿ ಗುಣಕ.

ಬಾನುಲಿ ಕೇಂದ್ರವೊಂದು ತನ್ನ ಆವೃತ್ತಿಯಿಂದ ಅತ್ತಿತ್ತ ಸರಿಯದಿರಬೇಕಾದರೆ ಅದಕ್ಕೊಂದು ಸ್ಥಿರವಾದ ಆಧಾರ ಸಂಕೇತ ಬೇಕು. ಅದನ್ನು ಕೊಡಬಲ್ಲುದು ಕ್ವಾರ್ಟ್ಸ್ ಹರಳಿನ ಬಿಲ್ಲೆ. ಆದರೆ ಆವೃತ್ತಿ ಹೆಚ್ಚಿದಷ್ಟೂ ಬಿಲ್ಲೆ ತೆಳುವಾಗಬೇಕು. 10 ಮೆಗಾಹರ್ಟ್ಸ್, ಎಂದರೆ ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ ಸಾಮಾನ್ಯ ಬಿಲ್ಲೆಯ ದಪ್ಪ ಸುಮಾರು 0.17 ಮಿಲಿಮೀಟರ್. 100 ಮೆಗಾಹರ್ಟ್ಸಿಗೆ ಅದರ ಹತ್ತರಲ್ಲೊಂದು ಪಾಲು. ಅಷ್ಟು ತೆಳುವಾದುದು ಸುಲಭವಾಗಿ ಒಡೆದುಹೋಗುತ್ತದೆ. ಆದುದರಿಂದ ಹರಳನ್ನು ಕೆಳಗಿನ ಆವೃತ್ತಿಯಲ್ಲಿಯೇ ಕಂಪಿಸಲು ಬಿಟ್ಟು, ಆ ಬಳಿಕ ಗುಣಿಸುವ ಕ್ರಮವುಂಟು.

ಶುದ್ಧವಾದ ಅಲೆಯೊಂದನ್ನು ಟ್ರಾನ್ಸಿಸ್ಟರಿನಲ್ಲಿ ಬೇಕೆಂದೇ ವಿರೂಪಗೊಳಿಸಿದರೆ ಮೂಲದ ಎರಡು, ಮೂರು, ನಾಲ್ಕು ಪಟ್ಟು ಆವೃತ್ತಿಯ ಅಲೆಗಳೂ ಹುಟ್ಟುತ್ತವೆ. ಸುರುಳಿ ಮತ್ತು ಧಾರಕಗಳಿಂದಾದ ಅನುನಾದ ಮಂಡಲವು ಬೇಕಾದುದನ್ನು ಆರಿಸಿ, ಉಳಿದುದನ್ನು ತಡೆಯುತ್ತದೆ. ಒಂದೇ ನೆಗೆತಕ್ಕೆ ಹತ್ತು ಪಟ್ಟು ಏರಹೊರಟರೆ ಬೇಕಾದ ಅಲೆ ತೀರ ಕ್ಷೀಣವಾಗಿರುತ್ತದೆ. ಅದಕ್ಕಾಗಿ 10ರಿಂದ 20ಕ್ಕೆ, 20ರಿಂದ 100ಕ್ಕೆ, ಹೀಗೆ ಮೆಟ್ಟಿಲುಮೆಟ್ಟಿಲಾಗಿ, ಪ್ರತಿಯೊಂದರಲ್ಲೂ ಸೋಸುತ್ತ ಏರಬೇಕು.

ಇಲ್ಲೊಂದು ಎಚ್ಚರ ಅಗತ್ಯ. ಗುಣಕವು ದೋಷವನ್ನೂ ಗುಣಿಸುತ್ತದೆ. ಮೂಲದಲ್ಲಿ 1 ಹರ್ಟ್ಸ್ ತಪ್ಪಿದ್ದರೆ ಹತ್ತು ಪಟ್ಟಾದಾಗ ತಪ್ಪು 10 ಹರ್ಟ್ಸ್ ಆಗುತ್ತದೆ. ಅಲೆಯ ಸಣ್ಣ ನಡುಕದಿಂದ ಹುಟ್ಟುವ ಗದ್ದಲ 20 ಡೆಸಿಬೆಲ್ ಏರುತ್ತದೆ. ಸಂಕೇತಕ್ಕೆ ತೀರ ಹತ್ತಿರವಿರುವ ಆ ಗದ್ದಲವನ್ನು ಕೊನೆಯ ಸೋಸುವಿಕೆಯೂ ನೀಗಿಸಲಾರದು. ಅದಕ್ಕೆಂದೇ ಬಲ್ಲವರು ಮೊದಲ ಹಂತಕ್ಕೆ ಹೆಚ್ಚಿನ ಕಾಳಜಿ ವಹಿಸುತ್ತಾರೆ: ಹರಳಿಗೆ ಸಮಶಾಖದ ಗೂಡು, ಏರಿಳಿತವಿಲ್ಲದ ವಿದ್ಯುತ್ತು, ಅಲುಗದ ನೆಲೆ.

ಬಂಧುಗಳೇ, ಕಾಸರಗೋಡಿನ ಈ ನೆಲದಲ್ಲಿ ಕನ್ನಡವರಿಯದ ಅಧ್ಯಾಪಕರು ಕನ್ನಡ ತರಗತಿಗೆ ಬಂದಾಗ ಮಕ್ಕಳು ಮೂಕರಾಗಿ ಕುಳಿತುದನ್ನು ನಾವು ಕಂಡಿದ್ದೇವೆ. ಆ ಒಂದು ವರ್ಷದ ಕೊರತೆ ಮೇಲಿನ ತರಗತಿಗಳಲ್ಲಿ ಎಷ್ಟು ಪಟ್ಟಾಯಿತೆಂಬುದನ್ನೂ ಕಂಡಿದ್ದೇವೆ. ಕನ್ನಡದಲ್ಲಿ ಕಲಿಸಿದರಷ್ಟೇ ಸಾಲದು. ತಿಳಿಯುವಂತೆ ಕಲಿಸಬೇಕೆಂಬ ಹೊಣೆಯೂ ನಮ್ಮದೇ. ಮಗು ತನ್ನ ನುಡಿಯಲ್ಲಿ "ಏಕೆ?" ಎಂದು ಕೇಳಲು ಕಲಿತರೆ, ಮುಂದೆ ಯಾವ ಭಾಷೆಯಲ್ಲಿ ಓದಿದರೂ ಆ ಪ್ರಶ್ನೆ ಅದರ ಜತೆಗಿರುತ್ತದೆ. ನಿಮ್ಮ ಮಕ್ಕಳ ಮೊದಲ ತರಗತಿಯನ್ನು ನಮ್ಮ ಕೈಗೊಪ್ಪಿಸಿರಿ. ಅದನ್ನು ಜತನದಿಂದ ಕಾಯುವೆವು.