ಬ್ರೌಸರ್ ಬದಲಿಸಿದರೆ ಬದಲಾಗುವುದೇನು?

2004ರ ಜೂನ್ ತಿಂಗಳಲ್ಲಿ ಅಂತರ್ಜಾಲದ ಕೆಲವು ಮರ್ಯಾದಸ್ಥ ತಾಣಗಳೇ ಕಳ್ಳರ ಕೈವಶವಾದವು. ಮೈಕ್ರೋಸಾಫ್ಟ್‌ನ ಐಐಎಸ್ ತಂತ್ರಾಂಶದಿಂದ ನಡೆಯುತ್ತಿದ್ದ ಸರ್ವರ್‌ಗಳಿಗೆ ಕನ್ನ ಹಾಕಿದವರು ಅಲ್ಲಿನ ಪುಟಗಳ ತಳದಲ್ಲಿ ಒಂದಿಷ್ಟು ಜಾವಾಸ್ಕ್ರಿಪ್ಟ್ ಸೇರಿಸಿಟ್ಟರು. ಆ ಪುಟವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದವರ ಕಂಪ್ಯೂಟರು, ಒಡೆಯನಿಗೆ ಗೊತ್ತೇ ಆಗದಂತೆ ರಷ್ಯಾದ ಇನ್ನೊಂದು ಸರ್ವರಿಗೆ ಹೋಗಿ, ಅಲ್ಲಿಂದ ಬ್ಯಾಂಕ್ ಖಾತೆಯ ಗುಟ್ಟು ಕದಿಯುವ ತಂತ್ರಾಂಶವೊಂದನ್ನು ಇಳಿಸಿಕೊಳ್ಳುತ್ತಿತ್ತು. ಬಳಕೆದಾರ ಯಾವ ಅನುಮಾನದ ಕೊಂಡಿಯನ್ನೂ ಒತ್ತಿರಲಿಲ್ಲ, ಗುರುತಿಲ್ಲದ ಕಡತವನ್ನು ತೆರೆದಿರಲಿಲ್ಲ. ಪುಟ ನೋಡಿದ್ದೇ ಸಾಕಾಗಿತ್ತು. ಡೌನ್‌ಲೋಡ್ ಡಾಟ್ ಜೆಕ್ಟ್ ಎಂದು ಹೆಸರಾದ ಈ ದಾಳಿಗೆ ಪೂರ್ತಿ ತೇಪೆ, ಅಂದರೆ ದೋಷ ಮುಚ್ಚುವ ತಿದ್ದುಪಡಿ, ಬಂದದ್ದು ಜುಲೈ 30ರಂದು. ಆ ದಿನಗಳಲ್ಲಿ ಅಮೆರಿಕ ಸರಕಾರದ ಕಂಪ್ಯೂಟರ್ ಭದ್ರತಾ ತಂಡವಾದ ಯುಎಸ್-ಸರ್ಟ್ ಪಟ್ಟಿ ಮಾಡಿದ ಪರಿಹಾರಗಳಲ್ಲಿ ಒಂದು, ಬೇರೆ ಬ್ರೌಸರ್ ಬಳಸಿ ಎಂಬುದು. ಜಗತ್ತಿನ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಒಂದೇ ಬ್ರೌಸರ್ ಬಳಸುತ್ತಿದ್ದ ಕಾಲದಲ್ಲಿ ಸರಕಾರಿ ಸಂಸ್ಥೆಯೊಂದು ಆಡಿದ ಈ ಮಾತು ಸಣ್ಣದಾಗಿರಲಿಲ್ಲ. ಆ ಸಲಹೆ ಸರಿಯಾಗಿಯೇ ಇತ್ತು ಎಂಬುದು ನನ್ನ ವಾದ. ಆದರೆ ಅದು ಸರಿಯಾಗಿದ್ದ ಕಾರಣ, ನಾವು ಸಾಮಾನ್ಯವಾಗಿ ಅಂದುಕೊಳ್ಳುವ ಕಾರಣವಲ್ಲ. ಬೇರೆ ಬ್ರೌಸರಿನಲ್ಲಿ ದೋಷವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ದೋಷ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಬ್ರೌಸರ್ ಎಂದರೆ ಪುಟ ತೋರಿಸುವ ಕಿಟಕಿ ಎಂದು ನಾವು ತಿಳಿದಿದ್ದೇವೆ. ಅದು ವಾಸ್ತವದಲ್ಲಿ ಮಾಡುವುದು ಬೇರೆಯೇ: ಗುರುತು ಪರಿಚಯವಿಲ್ಲದವರು ಬರೆದ ಪ್ರೋಗ್ರಾಮುಗಳನ್ನು, ಅವರು ಕಳಿಸಿದ ಚಿತ್ರ, ಫಾಂಟ್, ವಿಡಿಯೋಗಳನ್ನು ಕ್ಷಣಕ್ಷಣವೂ ತರಿಸಿಕೊಂಡು ನಮ್ಮ ಯಂತ್ರದೊಳಗೇ ನಡೆಸುತ್ತದೆ. ಈ ಕೆಲಸಕ್ಕೆ ಲಕ್ಷಾಂತರ ಸಾಲುಗಳ ಕೋಡ್ ಬೇಕು. ಅದರ ಬಹುಪಾಲು ಸಿ++ ಭಾಷೆಯಲ್ಲಿದೆ; ಅಲ್ಲಿ ನೆನಪಿನ ಜಾಗವನ್ನು, ಅಂದರೆ ಮೆಮೊರಿಯನ್ನು, ಬರೆಯುವವನೇ ಲೆಕ್ಕವಿಟ್ಟು ನೋಡಿಕೊಳ್ಳಬೇಕು. ಬಿಟ್ಟುಕೊಟ್ಟ ಜಾಗವನ್ನು ಮರೆತು ಮತ್ತೆ ಮುಟ್ಟಿದರೆ ಕಳ್ಳನಿಗೆ ಅಷ್ಟೇ ಸಾಕು. ತಮ್ಮ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡಾ 70 ಇಂಥ ಮೆಮೊರಿ ತಪ್ಪುಗಳೇ ಎಂದು ಕ್ರೋಮ್‌ನ ಬುನಾದಿಯಾದ ಕ್ರೋಮಿಯಮ್ ಯೋಜನೆಯವರು 2020ರಲ್ಲಿ ತಾವೇ ಹೇಳಿದರು. ಎಕ್ಸ್‌ಪ್ಲೋರರ್‌ನಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿತ್ತು. ಆಕ್ಟಿವ್‌ಎಕ್ಸ್ ಎಂಬ ತಂತ್ರದಿಂದ ಪುಟವೊಂದು ವಿಂಡೋಸ್‌ನ ಒಳಭಾಗಗಳನ್ನೇ ಕರೆದು ಕೆಲಸ ಮಾಡಿಸಬಹುದಿತ್ತು; ಬ್ರೌಸರ್ ಕಾರ್ಯವ್ಯವಸ್ಥೆಯ ಬೇರ್ಪಡಿಸಲಾಗದ ಅಂಗವೆಂದು ಮೈಕ್ರೋಸಾಫ್ಟ್ ನ್ಯಾಯಾಲಯದಲ್ಲೂ ವಾದಿಸಿತ್ತು. ಹಾಗೆ ಬೆಸೆದುಕೊಂಡದ್ದರಿಂದ ಬ್ರೌಸರಿನ ಬಿರುಕು ಇಡೀ ಯಂತ್ರದ ಬಿರುಕಾಯಿತು. ಸಾಲದ್ದಕ್ಕೆ, 2001ರಲ್ಲಿ ಆರನೇ ಆವೃತ್ತಿ ಕೊಟ್ಟ ಕಂಪನಿ ಏಳನೆಯದನ್ನು ಕೊಟ್ಟದ್ದು 2006ರಲ್ಲಿ. ಎದುರಾಳಿಯೇ ಇಲ್ಲದಿದ್ದಾಗ ಅವಸರವೇಕೆ ಬರಬೇಕು?

ಈಗ ಮೊದಲ ಆಕ್ಷೇಪಣೆ. 2004ರ ನವೆಂಬರಿನಲ್ಲಿ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿ ಬಂತು. ಜನ ಅದರತ್ತ ಹೊರಳತೊಡಗಿದರು. ಸ್ವಲ್ಪದರಲ್ಲೇ, ಅದರಲ್ಲೂ ತೂತುಗಳಿವೆಯಲ್ಲ ಎಂಬ ಮಾತೂ ಎದ್ದಿತು. ಆ ಮಾತು ನಿಜ. 2006ರ ಮೊದಲ ಆರು ತಿಂಗಳಲ್ಲಿ ಫೈರ್‌ಫಾಕ್ಸ್ ಸೇರಿದಂತೆ ಮೊಜಿಲ್ಲಾ ಸಂಸ್ಥೆಯ ಬ್ರೌಸರ್‌ಗಳಲ್ಲಿ 47 ದೋಷಗಳು, ಎಕ್ಸ್‌ಪ್ಲೋರರ್‌ನಲ್ಲಿ 38 ದೋಷಗಳು ಪ್ರಕಟವಾದವು ಎಂದು ಸಿಮ್ಯಾಂಟೆಕ್ ಕಂಪನಿಯ ವರದಿ ಎಣಿಸಿತ್ತು. ಇಲ್ಲಿಗೇ ನಿಂತರೆ ವಾದ ಮುಗಿದಂತೆಯೇ. ಆದರೆ ಅದೇ ವರದಿ ಇನ್ನೊಂದನ್ನೂ ಅಳೆದಿತ್ತು: ದೋಷವನ್ನು ಬಳಸುವ ದಾರಿ ಹೊರಗೆ ತಿಳಿದ ಮೇಲೆ ತೇಪೆ ಬರುವ ತನಕ ಬಳಕೆದಾರ ಎಷ್ಟು ದಿನ ಬಯಲಲ್ಲಿ ನಿಂತಿರಬೇಕು ಎಂದು. ಎಕ್ಸ್‌ಪ್ಲೋರರ್‌ಗೆ ಸರಾಸರಿ ಒಂಬತ್ತು ದಿನ, ಮೊಜಿಲ್ಲಾಕ್ಕೆ ಒಂದು ದಿನ. ನನ್ನ ಮಟ್ಟಿಗೆ ಲೆಕ್ಕಕ್ಕೆ ಬರುವುದು ಈ ಎರಡನೆಯ ಅಂಕಿಯೇ. ದೋಷಗಳನ್ನು ಎಣಿಸುವುದರಲ್ಲಿ ಒಂದು ಮೋಸವೂ ಅಡಗಿದೆ: ಎಲ್ಲವನ್ನೂ ತೆರೆದಿಟ್ಟು ತಪ್ಪು ಹುಡುಕಿ ಒಪ್ಪಿಕೊಳ್ಳುವವರ ಪಟ್ಟಿ ಉದ್ದವಾಗುತ್ತದೆ, ಮುಚ್ಚಿಟ್ಟವರದು ಚಿಕ್ಕದಾಗಿಯೇ ಉಳಿಯುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಚುರುಕಾದದ್ದು. ಕಡಿಮೆ ಜನ ಬಳಸುವ ಬ್ರೌಸರಿನ ಮೇಲೆ ಕಳ್ಳರ ಕಣ್ಣಿಲ್ಲ, ಅಷ್ಟೇ. ನಾಳೆ ಎಲ್ಲರೂ ಅದಕ್ಕೇ ಬಂದರೆ ಕಳ್ಳರೂ ಹಿಂದೆಯೇ ಬರುತ್ತಾರೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನೇ ಹಿಡಿದು 2003ರಲ್ಲಿ ಕಂಪ್ಯೂಟರ್ ಭದ್ರತಾ ತಜ್ಞ ಡ್ಯಾನ್ ಗೀರ್ ಮತ್ತು ಸಂಗಡಿಗರು ಒಂದು ಪ್ರಬಂಧ ಬರೆದರು. ಸೀಮೆಗೆಲ್ಲ ಒಂದೇ ತಳಿ ಬಿತ್ತಿದರೆ ಒಂದೇ ರೋಗಕ್ಕೆ ಇಡೀ ಬೆಳೆ ಹೋಗುವಂತೆ, ಜಗತ್ತೆಲ್ಲ ಒಂದೇ ತಂತ್ರಾಂಶ ಬಳಸಿದರೆ ಒಂದೇ ದೋಷಕ್ಕೆ ಎಲ್ಲವೂ ತುತ್ತಾಗುತ್ತದೆ ಎಂಬುದು ಅವರ ತಿರುಳು. (ಪ್ರಬಂಧ ಹೊರಬಂದೊಡನೆ, ಮೈಕ್ರೋಸಾಫ್ಟ್‌ನ್ನೂ ಗ್ರಾಹಕನನ್ನಾಗಿ ಹೊಂದಿದ್ದ ಕಂಪನಿಯಲ್ಲಿ ಗೀರ್ ಕೆಲಸ ಕಳೆದುಕೊಂಡರು.) ಹಾಗಾದರೆ ಆಕ್ಷೇಪಣೆಯೇ ನಮ್ಮ ಪರವಾಗಿ ತಿರುಗುತ್ತದೆ: ಎಲ್ಲರೂ ಹಳೆಯದನ್ನು ಬಿಟ್ಟು ಹೊಸ ಒಂದಕ್ಕೇ ಹೋಗಬೇಕೆಂದು ಯಾರು ಹೇಳಿದರು? ಬಳಕೆ ಹಂಚಿಹೋದಷ್ಟೂ ಕಳ್ಳನ ಖರ್ಚು ಏರುತ್ತದೆ. ಉಳಿದರ್ಧ ಸುಳ್ಳು ಎನ್ನುವುದಕ್ಕೂ ಪುರಾವೆಯಿದೆ. 2008ರಲ್ಲಿ ಬಂದ ಕ್ರೋಮ್ ಮುಂದೆ ಜಗತ್ತಿನಲ್ಲೇ ಹೆಚ್ಚು ಬಳಕೆಯ ಬ್ರೌಸರಾಯಿತು. ಆದರೂ ಅದಕ್ಕೆ ಹಳೆಯ ಎಕ್ಸ್‌ಪ್ಲೋರರ್‌ನ ಗತಿ ಬರಲಿಲ್ಲ. ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಒಡೆದು, ಕೈಕಾಲು ಕಟ್ಟಿದ ಸ್ಥಿತಿಯಲ್ಲಿ ನಡೆಸುವ ಸ್ಯಾಂಡ್‌ಬಾಕ್ಸ್ ಏರ್ಪಾಡು ಮೊದಲ ದಿನದಿಂದಲೇ ಅದರಲ್ಲಿತ್ತು, ಕೇಳದೆಯೇ ತನ್ನನ್ನು ತಾನು ನವೀಕರಿಸಿಕೊಳ್ಳುವ ಗುಣವೂ ಇತ್ತು. 2023ರಿಂದ ಅದರ ಭದ್ರತಾ ತೇಪೆಗಳು ವಾರಕ್ಕೊಮ್ಮೆ ಬರುತ್ತಿವೆ. ಜನಪ್ರಿಯತೆ ಕಳ್ಳರನ್ನು ಕರೆಯುತ್ತದೆ ನಿಜ, ಆದರೆ ಅವರು ಒಳಗೆ ಬರುತ್ತಾರೋ ಇಲ್ಲವೋ ಎನ್ನುವುದು ಕಟ್ಟಿದವರ ಕಸುಬಿಗೆ ಬಿಟ್ಟದ್ದು.

ಸರಕಾರಗಳೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ. 2010ರ ಜನವರಿ 12ರಂದು ಗೂಗಲ್, ಚೀನಾದಿಂದ ತನ್ನ ಮೇಲೆ ದಾಳಿಯಾಗಿದೆಯೆಂದು ಬಹಿರಂಗಪಡಿಸಿತು. ದಾಳಿಕೋರರು ಬಳಸಿದ್ದು ಎಕ್ಸ್‌ಪ್ಲೋರರ್‌ನ ಒಂದು ದೋಷವನ್ನು. ಜರ್ಮನಿಯ ಮಾಹಿತಿ ಭದ್ರತಾ ಕಚೇರಿ, ಅದರ ಬೆನ್ನಿಗೇ ಫ್ರಾನ್ಸಿನ ಅಂಥದೇ ಸಂಸ್ಥೆ, ತೇಪೆ ಬರುವವರೆಗೆ ಬೇರೆ ಬ್ರೌಸರ್ ಬಳಸಿರೆಂದು ಜನರಿಗೆ ತಿಳಿಸಿದವು. ಬ್ರಿಟನ್ ಸರಕಾರ ಒಪ್ಪಲಿಲ್ಲ; ಪೂರ್ತಿ ನವೀಕರಿಸಿದ ಆವೃತ್ತಿಯನ್ನು ಬಿಟ್ಟು ಬೇರೆಯದಕ್ಕೆ ಹೋದರೆ ಹೆಚ್ಚು ಸುರಕ್ಷಿತ ಎನ್ನಲು ಆಧಾರವಿಲ್ಲ ಎಂದಿತು. ಸಾವಿರಾರು ಯಂತ್ರಗಳಿರುವ ಕಚೇರಿಯಲ್ಲಿ ಅವಸರದ ಬದಲಾವಣೆ ತನ್ನದೇ ಅಪಾಯ ತರುತ್ತದೆ, ಆ ಮಟ್ಟಿಗೆ ಬ್ರಿಟನ್ನಿನ ಹಿಂಜರಿಕೆ ಅರ್ಥವಾಗುತ್ತದೆ. ಆದರೆ ದೋಷ ಆಗ ಬಳಕೆಯಲ್ಲಿದ್ದ ಹೊಸ ಆವೃತ್ತಿಯಲ್ಲೂ ಇತ್ತು; ತೇಪೆ ಬಂದದ್ದು ಜನವರಿ 21ಕ್ಕೆ. ಹಿಂದಿನ ಸೆಪ್ಟೆಂಬರಿನಲ್ಲೇ ಅದು ತನಗೆ ತಿಳಿದಿತ್ತೆಂದು ಮೈಕ್ರೋಸಾಫ್ಟ್ ಆಮೇಲೆ ಒಪ್ಪಿಕೊಂಡಿತು. ತೇಪೆಯೇ ಇಲ್ಲದ ಒಂಬತ್ತು ದಿನ "ಪೂರ್ತಿ ನವೀಕರಿಸಿದ" ಎಂಬ ಮಾತಿಗೆ ಏನು ಬೆಲೆ? ಜರ್ಮನರ ಸಲಹೆಯೇ ನನಗೆ ಹೆಚ್ಚು ಒಪ್ಪಿಗೆ.

ಇನ್ನು ಬದಲಿಸಹೊರಟವರನ್ನು ನಿಜವಾಗಿ ತಡೆದು ನಿಲ್ಲಿಸುವ ಕಾರಣ: ನಮಗೆ ಬೇಕಾದ ತಾಣ ಬೇರೆ ಬ್ರೌಸರಿನಲ್ಲಿ ನಡೆಯುವುದಿಲ್ಲ. ದಕ್ಷಿಣ ಕೊರಿಯಾದ ಕಥೆ ಇದಕ್ಕೆ ಪಾಠದಂತಿದೆ. 1990ರ ದಶಕದಲ್ಲಿ ಬಲವಾದ ಗೂಢಲಿಪಿ ತಂತ್ರದ ರಫ್ತಿಗೆ ಅಮೆರಿಕ ತಡೆಯೊಡ್ಡಿದ್ದರಿಂದ ಕೊರಿಯಾ ಸೀಡ್ ಎಂಬ ತನ್ನದೇ ಗೂಢಲಿಪಿಯನ್ನು ರೂಪಿಸಿಕೊಂಡಿತು. ಉದ್ದೇಶ ಭದ್ರತೆಯೇ. ಅದನ್ನು ಬ್ರೌಸರಿಗೆ ಜೋಡಿಸಿದ್ದು ಮಾತ್ರ ಆಕ್ಟಿವ್‌ಎಕ್ಸ್ ಮೂಲಕ. ಅಲ್ಲಿಂದ ಮುಂದೆ ಬ್ಯಾಂಕಿಗೆ, ಖರೀದಿಗೆ, ಸರಕಾರಿ ಕೆಲಸಕ್ಕೆ ಎಕ್ಸ್‌ಪ್ಲೋರರ್ ಇಲ್ಲದೆ ಆಗದು ಎಂಬ ಸ್ಥಿತಿ ಬಂತು. ಯಾವುದೋ ಪುಟ ಏನನ್ನೋ ಅಳವಡಿಸಲೇ ಎಂದು ಕೇಳಿದಾಗಲೆಲ್ಲ ಹೌದು ಎನ್ನುವುದು ಇಡೀ ದೇಶಕ್ಕೆ ಅಭ್ಯಾಸವಾಯಿತು. ಇದರ ಜೊತೆಗೇ ಬೇರೂರಿದ್ದ, ಸರಕಾರಿ ಮಾನ್ಯತೆಯ ಡಿಜಿಟಲ್ ಗುರುತಿನ ಪ್ರಮಾಣಪತ್ರಗಳ ವಿಶೇಷ ಸ್ಥಾನಮಾನ ಕೊನೆಗೊಂಡದ್ದು 2020ರ ಡಿಸೆಂಬರಿನಲ್ಲಿ. ನಮ್ಮಲ್ಲೂ ಇದರ ಸಣ್ಣ ರೂಪವಿತ್ತು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್ ನೆಲೆಯೂರುವ ಮುನ್ನ ಕನ್ನಡವೂ ಸೇರಿ ಭಾರತೀಯ ಭಾಷೆಗಳ ಎಷ್ಟೋ ಸುದ್ದಿತಾಣಗಳು ತಮ್ಮದೇ ಫಾಂಟನ್ನು ಪುಟದ ಜೊತೆ ಕಳಿಸುತ್ತಿದ್ದವು, ಅದೂ ಮೈಕ್ರೋಸಾಫ್ಟ್ ತಂತ್ರದಿಂದ. ಎಕ್ಸ್‌ಪ್ಲೋರರ್‌ನಲ್ಲಿ ಅಕ್ಷರ ಕಾಣುತ್ತಿತ್ತು, ಉಳಿದೆಡೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಇಂಥಲ್ಲಿ ಮಾಡಬೇಕಾದ್ದು ಸರಳ: ಎರಡು ಬ್ರೌಸರ್ ಇಟ್ಟುಕೊಳ್ಳಿ. ಹಟಮಾರಿ ತಾಣಕ್ಕೆ ಒಂದು, ಉಳಿದ ಜಗತ್ತಿಗೆಲ್ಲ ಇನ್ನೊಂದು.

ಆದರೆ ಇಂದಿನ ಬದಲಾವಣೆ ಅಂದಿನಷ್ಟು ಸುಲಭವಲ್ಲ, ಏಕೆಂದರೆ ಹೆಸರುಗಳು ಹಲವು, ಒಳಗೆ ಪುಟವನ್ನು ಕಟ್ಟಿ ತೋರಿಸುವ ಎಂಜಿನ್‌ಗಳು ಬೆರಳೆಣಿಕೆಯವು. ಕ್ರೋಮ್ ಬಿಟ್ಟು ಎಡ್ಜ್‌ಗೆ ಹೋದವರು 2020ರಿಂದೀಚೆಗೆ ಅದೇ ಕ್ರೋಮಿಯಮ್ ಎಂಜಿನ್ನಿಗೆ ಹೋದಂತೆ. ಒಪೆರಾ, ಬ್ರೇವ್, ವಿವಾಲ್ಡಿ ಎಲ್ಲ ಅದರ ಮೇಲೆಯೇ ನಿಂತವು. 2010ರಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿ ತಂದ ಎಪಿಕ್ ಮೊದಲು ಮೊಜಿಲ್ಲಾದ ಬುನಾದಿಯಲ್ಲಿತ್ತು, ಆಮೇಲೆ ಕ್ರೋಮಿಯಮ್‌ಗೆ ಬಂತು. ಜೋಹೋ ಕಂಪನಿಯ ಉಲಾ ಕೂಡ ಕ್ರೋಮಿಯಮ್ ಮೇಲೆಯೇ ನಿಂತಿದೆ. ಇವು ಖಾಸಗಿತನದ ನೀತಿಯಲ್ಲಿ ಭಿನ್ನವಾಗಿರಬಹುದು, ಆ ಕಾರಣಕ್ಕೆ ಆರಿಸಿಕೊಳ್ಳುವುದೂ ಸರಿಯೇ. ಎಂಜಿನ್ನಿನ ದೋಷ ಮಾತ್ರ ಎಲ್ಲಕ್ಕೂ ಸಮಾನ. ಮೂಲದಲ್ಲಿ ತೇಪೆ ಬಿದ್ದ ಮೇಲೆ ಈ ಚಿಕ್ಕ ಕಂಪನಿಗಳು ಎಷ್ಟು ಬೇಗ ಅದನ್ನು ತಮ್ಮ ಬಳಕೆದಾರರಿಗೆ ಮುಟ್ಟಿಸುತ್ತವೆ ಎಂಬುದು ಅಲ್ಲಿ ಕೇಳಬೇಕಾದ ಪ್ರಶ್ನೆ. ಎಂಜಿನ್ನೇ ಬೇರೆಯಾಗಬೇಕೆಂದರೆ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್, ಆಪಲ್ ಯಂತ್ರಗಳಲ್ಲಿ ಸಫಾರಿ. ಐಫೋನಿನಲ್ಲಂತೂ ವರ್ಷಗಟ್ಟಲೆ ಯಾವ ಹೆಸರಿನ ಬ್ರೌಸರ್ ಹಾಕಿಕೊಂಡರೂ ಒಳಗೆ ಓಡುತ್ತಿದ್ದದ್ದು ಆಪಲ್‌ನ ವೆಬ್‌ಕಿಟ್. ಐರೋಪ್ಯ ಒಕ್ಕೂಟದ ಕಾನೂನು ಮಣಿಸಿದ ಮೇಲೆ 2024ರಲ್ಲಿ ಅಲ್ಲಿನ ಬಳಕೆದಾರರಿಗಾಗಿ ಮಾತ್ರ ಆ ನಿಯಮ ಸಡಿಲವಾಯಿತು.

ಎಂಜಿನ್ ಬೇರೆಯಾದರೂ ಪೂರ್ತಿ ಬೇರೆಯಲ್ಲ ಎಂಬುದನ್ನು 2023ರ ಸೆಪ್ಟೆಂಬರ್ ತೋರಿಸಿತು. ವೆಬ್‌ಪಿ ಬಗೆಯ ಚಿತ್ರಗಳನ್ನು ಬಿಡಿಸಿ ತೋರಿಸುವ ಕೋಡ್‌ನಲ್ಲಿ ಗಂಭೀರ ದೋಷ ಸಿಕ್ಕಿತು. ಆ ಕೋಡ್ ಕ್ರೋಮ್‌ನಲ್ಲೂ ಇತ್ತು, ಫೈರ್‌ಫಾಕ್ಸ್‌ನಲ್ಲೂ ಇತ್ತು, ಬ್ರೌಸರ್ ಅಲ್ಲದ ಅನೇಕ ತಂತ್ರಾಂಶಗಳಲ್ಲೂ ಇತ್ತು. ಕ್ರೋಮ್ ಆ ತಿಂಗಳ 11ರಂದು, ಫೈರ್‌ಫಾಕ್ಸ್ 12ರಂದು ತೇಪೆ ಕೊಟ್ಟವು. ಹೀಗಾಗಿ ಬ್ರೌಸರ್ ಆರಿಸುವಾಗ ನಾನು ಮೊದಲು ನೋಡುವುದು ತೇಪೆಯ ವೇಗ, ಆಮೇಲೆ ಎಂಜಿನ್, ಹೆಸರು ಕೊನೆಗೆ. ಉದಾಹರಣೆಗೆ, ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರಿಗೆ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಯೇ ಕೊನೆ. ಫೈರ್‌ಫಾಕ್ಸ್‌ನ 115ನೇ ದೀರ್ಘಾವಧಿ ಆವೃತ್ತಿ ಆಮೇಲೂ ಅಂಥ ಯಂತ್ರಗಳಿಗೆ ತೇಪೆ ಕೊಡುತ್ತಾ ಬಂತು. ಅಲ್ಲಿ ಬದಲಾಯಿಸಿದವರಿಗೆ ನೇರ ಲಾಭವಾಯಿತು, ಕಾರ್ಯವ್ಯವಸ್ಥೆಯ ತೂತುಗಳು ಹಾಗೆಯೇ ಉಳಿದರೂ. ಆಂಡ್ರಾಯ್ಡ್ ಫೋನಿನಲ್ಲಿ ಇನ್ನೊಂದು ಕೆಲಸವಿದೆ. ಅನೇಕ ಆ್ಯಪ್‌ಗಳು ವೆಬ್ ಪುಟಗಳನ್ನು ತಮ್ಮೊಳಗೇ ತೋರಿಸಲು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎಂಬ ಭಾಗವನ್ನು ಬಳಸುತ್ತವೆ. ನೀವು ಯಾವ ಬ್ರೌಸರ್ ಹಾಕಿಕೊಂಡಿದ್ದರೂ ಅವಕ್ಕೆ ಅದರ ಹಂಗಿಲ್ಲ, ಆದ್ದರಿಂದ ಈ ವೆಬ್‌ವ್ಯೂವನ್ನೂ ಪ್ಲೇ ಸ್ಟೋರಿನಲ್ಲಿ ನವೀಕರಿಸಿಡಬೇಕು. ಹೊಸ ಬ್ರೌಸರನ್ನು ಅದರ ತಯಾರಕರ ತಾಣದಿಂದ ಇಲ್ಲವೇ ಅಧಿಕೃತ ಸ್ಟೋರಿನಿಂದ ಮಾತ್ರ ಇಳಿಸಿಕೊಳ್ಳಿ. ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ ಎಂದು ಯಾವುದೋ ಪುಟ ನಡುವೆಯೇ ಎಚ್ಚರಿಸಿದರೆ ಅದು ಬಹುಮಟ್ಟಿಗೆ ಕಳ್ಳರದೇ ಆಮಿಷ: ಪುಟವನ್ನು ಮುಚ್ಚಿ, ಬ್ರೌಸರಿನ ಸಹಾಯ ಪಟ್ಟಿಯಲ್ಲಿರುವ 'ಕುರಿತು' ವಿಭಾಗಕ್ಕೆ ಹೋಗಿ ಆವೃತ್ತಿಯನ್ನು ನೀವೇ ನೋಡಿಕೊಳ್ಳಿ.