ಜಾಲಕ್ಕೆ ಕಿವಿಗೊಡುವ ತಂತ್ರಾಂಶ: ಕೀಲಿಕೈ ಯಾರಿಗೆ?



ಕಂಪ್ಯೂಟರ್ ಜಾಲದಲ್ಲಿ ಮಾಹಿತಿ ಹೊಳೆಯಂತೆ ಹರಿಯುವುದಿಲ್ಲ. ಪ್ಯಾಕೆಟ್ ಎಂಬ ಪುಟ್ಟ ಪೊಟ್ಟಣಗಳಾಗಿ ಸಾಗುತ್ತದೆ. ಸಾಮಾನ್ಯ ಈಥರ್ನೆಟ್ ಜಾಲದಲ್ಲಿ ಒಂದು ಪೊಟ್ಟಣ ಹೊರುವುದು ಹೆಚ್ಚೆಂದರೆ 1500 ಬೈಟು. ಜಾಲ ಕೈಕೊಟ್ಟಾಗ ಈ ಪೊಟ್ಟಣಗಳ ನಕಲು ತೆಗೆದು ಪರೀಕ್ಷಿಸುತ್ತಾರೆ. ಇದಕ್ಕೆ ಬಳಸುವ ಪ್ರಸಿದ್ಧ ತಂತ್ರಾಂಶ ವೈರ್‌ಶಾರ್ಕ್. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಅವರು ಹೊರತಂದಾಗ ಅದರ ಹೆಸರು ಈಥೀರಿಯಲ್. ಹೊಸ ಹೆಸರು ಬಂದದ್ದು 2006ರಲ್ಲಿ.

ಲಿನಕ್ಸ್ ಯಂತ್ರದಲ್ಲಿ ನೀವು ಇದನ್ನು ನಡೆಸಹೊರಟರೆ ಮೊದಲು ಎದುರಾಗುವುದು 'ಅನುಮತಿ ಇಲ್ಲ' ಎಂಬ ಉತ್ತರ. ಬೇಸರಪಡಬೇಡಿ, ಅದಕ್ಕೆ ಕಾರಣವಿದೆ. ಆಪರೇಟಿಂಗ್ ಸಿಸ್ಟಂ ನಿಷ್ಠಾವಂತ ಅಂಚೆಯಣ್ಣನ ಹಾಗೆ. ಯಾರ ಪೊಟ್ಟಣವನ್ನು ಅವರಿಗೇ ಕೊಡುತ್ತದೆ. ನೀವು ಕೇಳುತ್ತಿರುವುದೋ ಎಲ್ಲರ ಪೊಟ್ಟಣದ ನಕಲು!

ಹಾಗಾದರೆ ಸರ್ವಾಧಿಕಾರವುಳ್ಳ 'ರೂಟ್' ಬಳಕೆದಾರನಾಗಿಯೇ ನಡೆಸಿದರಾಯಿತು ಎನ್ನುತ್ತೀರಾ? ಅಪಾಯ ಇರುವುದು ಅಲ್ಲಿಯೇ. ಪೊಟ್ಟಣ ಹಿಡಿಯುವುದು ಸುಲಭದ ಕೆಲಸ, ಬಿಚ್ಚಿ ಅರ್ಥ ಹೇಳುವುದು ಕಷ್ಟದ್ದು. ಸಾವಿರಾರು ಬಗೆಯ ಸಂವಹನ ನಿಯಮಗಳನ್ನು ಬಲ್ಲ ಆ ಭಾಗದಲ್ಲಿ ಲಕ್ಷಾಂತರ ಸಾಲುಗಳ ಪ್ರೋಗ್ರಾಂ ಇದೆ. ಅಷ್ಟು ಸಾಲುಗಳಲ್ಲಿ ತಪ್ಪು ಇಲ್ಲದಿರುತ್ತದೆಯೇ? ಕಿಡಿಗೇಡಿಯೊಬ್ಬ ಬೇಕೆಂದೇ ವಿರೂಪಗೊಳಿಸಿದ ಪೊಟ್ಟಣ ಕಳುಹಿಸಿದರೆ, ಅದನ್ನು ಓದುವಾಗಲೇ ತಂತ್ರಾಂಶ ಎಡವಬಹುದು. ಎಡವಿದ್ದು ರೂಟ್ ಅಧಿಕಾರದಲ್ಲಿದ್ದರೆ ಇಡೀ ಯಂತ್ರವೇ ಅವನ ವಶ. ಇಂಥ ಬಿರುಕುಗಳ ಕಾರಣದಿಂದಲೇ ಭದ್ರತೆಗೆ ಹೆಸರಾದ ಓಪನ್‌ಬಿಎಸ್‌ಡಿ ವ್ಯವಸ್ಥೆಯವರು 2004ರಲ್ಲಿ ಈಥೀರಿಯಲ್ಲನ್ನು ತಮ್ಮ ಸಂಗ್ರಹದಿಂದಲೇ ಕಿತ್ತುಹಾಕಿದ್ದರು.

ಪರಿಹಾರ ನನಗೆ ಬಹಳ ಜಾಣತನದ್ದಾಗಿ ಕಾಣುತ್ತದೆ. ಕೆಲಸವನ್ನು ಎರಡು ಪಾಲು ಮಾಡಿದರು. ಡಂಪ್‌ಕ್ಯಾಪ್ ಎಂಬ ಚಿಕ್ಕ ಪ್ರೋಗ್ರಾಂ ಪೊಟ್ಟಣ ಹಿಡಿದು ಕಡತಕ್ಕೆ ತುಂಬುತ್ತದೆ, ಅಷ್ಟೇ. ಅದಕ್ಕೂ ಪೂರ್ತಿ ರೂಟ್ ಅಧಿಕಾರ ಬೇಡ. ಲಿನಕ್ಸ್‌ನಲ್ಲಿ ಆ ಅಧಿಕಾರವನ್ನು ಬಿಡಿಬಿಡಿಯಾಗಿ ಹಂಚಬಹುದಾದ್ದರಿಂದ, ಜಾಲಕ್ಕೆ ಸಂಬಂಧಿಸಿದ ಎರಡು ತುಣುಕು ಸಾಕು. ಬಿಚ್ಚಿ ಓದುವ ದೊಡ್ಡ ವೈರ್‌ಶಾರ್ಕ್ ಸಾಮಾನ್ಯ ಬಳಕೆದಾರನಾಗಿಯೇ ಉಳಿಯುತ್ತದೆ. ಅದು ಎಡವಿದರೂ ಹಾನಿ ಆ ಬಳಕೆದಾರನ ಕಡತಗಳ ಮಟ್ಟಿಗೆ. ಡೆಬಿಯನ್ ಲಿನಕ್ಸ್‌ನಲ್ಲಿ 'ವೈರ್‌ಶಾರ್ಕ್' ಎಂಬ ಗುಂಪು ರಚಿಸಿ, ಅದಕ್ಕೆ ಸೇರಿದವರಿಗೆ ಮಾತ್ರ ಡಂಪ್‌ಕ್ಯಾಪ್ ನಡೆಸಲು ಬಿಡುವ ಏರ್ಪಾಡಿದೆ.

ಆದರೆ ಒಂದು ಮಾತು. ಆ ಗುಂಪಿಗೆ ಸೇರಿದವರು ಯಂತ್ರವನ್ನು ಕೆಡಿಸಲಾರರು, ನಿಜ. ಅದಕ್ಕೆ ಬಂದುಹೋಗುವುದನ್ನೆಲ್ಲ ನೋಡಬಲ್ಲರು. ಗೂಢಲಿಪಿಯಲ್ಲಿರುವ ಪತ್ರದ ಒಳಗು ಕಾಣದಿದ್ದರೂ ಯಾರು ಯಾರಿಗೆ ಬರೆದರೆಂಬುದು ಕಾಣುತ್ತದೆ. ಹತ್ತಾರು ಜನ ಬಳಸುವ ಕಾಲೇಜಿನ ಯಂತ್ರದಲ್ಲಿ ಎಲ್ಲರನ್ನೂ ಆ ಗುಂಪಿಗೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಪ್ರಯೋಗಾಲಯದ ಮೇಲ್ವಿಚಾರಕರು ತಾವೇ ಹಿಡಿದ ಕಡತವೊಂದನ್ನು ನಿಮಗೆ ಕೊಡಲಿ. ಅದನ್ನು ತೆರೆದು ಓದಲು ಯಾವ ವಿಶೇಷ ಅನುಮತಿಯೂ ಬೇಕಿಲ್ಲ.