ಹಿಂದಿನ ಹವೆ, ಇಂದಿನ ಬಿಸಿ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಭೂಮಿ ಬಿಸಿಯಾಗುತ್ತಿದೆ ಎಂಬ ಮಾತು ಬಂದಾಗಲೆಲ್ಲ ಹಿರಿಯರೊಬ್ಬರು ಕೇಳುವ ಪ್ರಶ್ನೆಯೊಂದುಂಟು: "ಸ್ವಾಮಿ, ಹವೆ ಬದಲಾಗುವುದು ಹೊಸತೇ? ನಮ್ಮ ತಾತಂದಿರ ಕಾಲದಲ್ಲೂ ಬರ ಬಂದಿತ್ತು, ನೆರೆ ಬಂದಿತ್ತು. ಈಗೇನು ವಿಶೇಷ?" ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನೇರವಾಗಿ ಉತ್ತರ ಹೇಳಲು ಯತ್ನಿಸುತ್ತೇನೆ.

ಒಂದೆರಡು ವರ್ಷದ ಬರ ಬೇರೆ, ಹವೆಯೇ ಬದಲಾಗುವುದು ಬೇರೆ. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಗೆ ಘೋರ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಆದರೆ ಆಮೇಲೆ ಮಳೆ ತನ್ನ ಹಳೆಯ ದಾರಿಗೆ ಮರಳಿತು. ಹವೆ ಬದಲಾಗುವುದೆಂದರೆ ಆ ದಾರಿಯೇ ಸರಿದುಹೋಗುವುದು.

ಹಾಗೆ ದಾರಿ ಸರಿದದ್ದೂ ಹಿಂದೆ ಉಂಟು. ಸುಮಾರು 20,000 ವರ್ಷಗಳ ಕೆಳಗೆ ಉತ್ತರ ಅಮೆರಿಕ ಮತ್ತು ಉತ್ತರ ಯೂರೋಪಿನ ಮೇಲೆ ಎರಡು ಮೂರು ಕಿಲೋಮೀಟರ್ ದಪ್ಪದ ಹಿಮ ಕವಿದಿತ್ತು. ಆಗ ಇಡೀ ಭೂಮಿಯ ಸರಾಸರಿ ಉಷ್ಣತೆ ಈಗಿನದಕ್ಕಿಂತ 5-6 ಡಿಗ್ರಿ ಮಾತ್ರ ಕಡಿಮೆಯಿತ್ತು. ಒಂದೊಂದು ಡಿಗ್ರಿಗೂ ಎಷ್ಟು ಬೆಲೆಯುಂಟೆಂಬುದನ್ನು ಇದರಿಂದ ತಿಳಿಯಬಹುದು. ಭೂಮಿ ಸೂರ್ಯನನ್ನು ಸುತ್ತುವ ಹಾದಿ ಮತ್ತು ಭೂಮಿಯ ವಾಲಿಕೆ ಸಾವಿರಾರು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬದಲಾಗುತ್ತವೆ. ಆ ಕಾರಣದಿಂದ ಹಿಮ ಕರಗತೊಡಗಿತು. ಅಲ್ಲಲ್ಲಿ ಕೆಲವು ಸೀಮೆಗಳಲ್ಲಿ ಹವೆ ಥಟ್ಟನೆ ಬದಲಾದುದೂ ಉಂಟು. ಆದರೆ ಇಡೀ ಭೂಮಿ 5 ಡಿಗ್ರಿ ಬಿಸಿಯಾಗಲು ಸುಮಾರು 10,000 ವರ್ಷ ಹಿಡಿಯಿತು. ಲೆಕ್ಕ ಹಾಕಿರಿ: 1 ಡಿಗ್ರಿಗೆ 2,000 ವರ್ಷ.

ಈಗ ಏನಾಗಿದೆ? ಸುಮಾರು ನೂರೈವತ್ತು ವರ್ಷಗಳಲ್ಲಿ ಭೂಮಿ 1 ಡಿಗ್ರಿಗೂ ಹೆಚ್ಚು ಬಿಸಿಯಾಗಿದೆ. ಅದರಲ್ಲಿ ಹೆಚ್ಚಿನ ಪಾಲು 1970ರ ಈಚಿನದು. ಹಿಂದೆ ಎಪ್ಪತ್ತು ಎಂಬತ್ತು ತಲೆಮಾರುಗಳಿಗೆ ಹಂಚಿಹೋದ ಏರಿಕೆಯನ್ನು ಈಗ ಒಬ್ಬ ಮನುಷ್ಯ ತನ್ನ ಆಯುಸ್ಸಿನಲ್ಲೇ ಕಾಣುತ್ತಿದ್ದಾನೆ.

ಕಾರಣವೂ ಬೇರೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಭೂಮಿಗೆ ಹೊದಿಸಿದ ಕಂಬಳಿಯಿದ್ದಂತೆ. ಶಾಖವನ್ನು ಹೊರಗೆ ಬಿಡದೆ ತಡೆಯುತ್ತದೆ. ಅಂಟಾರ್ಕ್ಟಿಕದ ಹಳೆಯ ಹಿಮದೊಳಗೆ ಪುರಾತನ ಗಾಳಿಯ ಗುಳ್ಳೆಗಳು ಸಿಕ್ಕಿಕೊಂಡಿವೆ. ಅವನ್ನು ಪರೀಕ್ಷಿಸಿ ನೋಡಲಾಗಿ, ಹಿಂದಿನ ಎಂಟು ಲಕ್ಷ ವರ್ಷಗಳಲ್ಲಿ ಈ ಅನಿಲ ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 300 ಭಾಗವನ್ನು ಮೀರಿರಲಿಲ್ಲವೆಂದು ತಿಳಿದುಬಂದಿತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆದಾಗ ಅದು ಸುಮಾರು 315 ಇದ್ದಿತು. ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟುದರ ಫಲವಿದು. ಸೂರ್ಯನೇ ಹೆಚ್ಚು ಸುಡುತ್ತಿರಬಹುದಲ್ಲ ಎನ್ನುವಿರಾ? 1970ರ ದಶಕದ ಕೊನೆಯಿಂದ ಉಪಗ್ರಹಗಳು ಸೂರ್ಯನ ಶಾಖವನ್ನು ಅಳೆಯುತ್ತಿವೆ. ಅದು ಏರುತ್ತ ಹೋಗಿಲ್ಲ. ಭೂಮಿಯ ಬಿಸಿ ಮಾತ್ರ ಏರಿದೆ.

ಇನ್ನು "ಹಿಂದೆಯೂ ಆಗಿತ್ತು" ಎಂಬ ಸಮಾಧಾನದ ಮಾತು. ಹಿಂದೆ ಆದಾಗ ಜನರ ಪಾಡೇನಾಯಿತು? ಮೇಘಾಲಯದ ಮಾವ್‌ಮ್ಲು ಗುಹೆಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಕಲ್ಲಿನ ಪದರಗಳಲ್ಲಿ ಹಳೆಯ ಮಳೆಗಾಲಗಳ ಗುರುತುಂಟು. ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಬಹಳ ಕಾಲ ಕುಗ್ಗಿತ್ತೆಂದು ಅವು ಹೇಳುತ್ತವೆ. ಅದರ ಈಚಿನ ಕಾಲದಲ್ಲಿಯೇ ಸಿಂಧೂ ಬಯಲಿನ ದೊಡ್ಡ ಪಟ್ಟಣಗಳು ಬರಿದಾದವು. ಮಳೆ ಕುಗ್ಗಿದ್ದು ಅದಕ್ಕೊಂದು ಕಾರಣವೆಂದು ಹಲವು ವಿದ್ವಾಂಸರ ಮತ. ಆ ಜನ ಮೂಡಲ ದಿಕ್ಕಿಗೆ ಸರಿದು ಸಣ್ಣ ಹಳ್ಳಿಗಳಲ್ಲಿ ನೆಲಸಿದರು. ಇಂದು ಹೊಲ, ಮನೆ, ದನಕರು ಬಿಟ್ಟು ನಾವು ಸರಿಯುವುದಾದರೂ ಎಲ್ಲಿಗೆ?

ಇನ್ನೊಂದು ಮಾತನ್ನು ಮನಸ್ಸಿನಲ್ಲಿಡಿ. ಮನುಷ್ಯ ಬೇಸಾಯ ಕಲಿತದ್ದು ಹಿಮಯುಗ ಮುಗಿದ ಈಚೆಗೆ, ಹವೆ ಬಹುಮಟ್ಟಿಗೆ ನೆಲೆಗೊಂಡಿದ್ದ ಕಾಲದಲ್ಲಿ. ರೋಹಿಣಿ, ಆರಿದ್ರಾ ಎಂದು ಮಳೆ ನಕ್ಷತ್ರ ಎಣಿಸಿ ಬಿತ್ತುವ ನಮ್ಮ ಹಿರಿಯರ ಜ್ಞಾನವೂ ಆ ನೆಲೆಯನ್ನೇ ನಂಬಿ ಬೆಳೆದದ್ದು. ಅವರ ಮಾತು ಸುಳ್ಳಲ್ಲ. ಅವರು ಕಂಡ ಆಕಾಶ ಬದಲಾಗುತ್ತಿದೆ.

ಈ ಕಂಬಳಿ ದಪ್ಪವಾಗಲು ಒಕ್ಕಲಿನವರು ಕಾರಣರಾದುದು ಅಲ್ಪ. ಹೊಗೆಯನ್ನು ತಗ್ಗಿಸುವ ದೊಡ್ಡ ಹೊಣೆ ದೊಡ್ಡ ದೇಶಗಳದು, ಕಾರ್ಖಾನೆಗಳದು. ಆದರೂ ನಮ್ಮ ಹೊಲವನ್ನು ಕಾಯುವವರು ನಾವೇ. ಗಾಳಿ 1 ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಆದುದರಿಂದ ಸುರಿದಾಗ ಮಳೆ ಬಿರುಸಾಗಿ ಸುರಿಯುವ ಸಂಭವ ಹೆಚ್ಚು. ಇಳಿಜಾರಿಗೆ ಅಡ್ಡಲಾಗಿ ಉಳಿರಿ, ಬದು ಗಟ್ಟಿ ಮಾಡಿರಿ. ಬೇಸಗೆಯಲ್ಲಿ ಕೆರೆಯ ಹೂಳು ತೆಗೆದು ಕೋಡಿ ಸರಿಪಡಿಸಿರಿ. ಕಸಕಡ್ಡಿಗೆ ಬೆಂಕಿಯಿಡದೆ ಗೊಬ್ಬರ ಮಾಡಿ ಮಣ್ಣಿಗೆ ಸೇರಿಸಿದರೆ ನೆಲ ತೇವ ಹಿಡಿಯುತ್ತದೆ. ರಾಗಿಯೊಡನೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡಬೇಡಿರಿ; ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿದೀತು. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಊರಿನ ಮಳೆಯ ಲೆಕ್ಕ ಬರೆಸಿರಿ.

ಹಿಂದೆ ಹವೆ ಬದಲಾದಾಗ ಜನರಿಗೆ ಮುನ್ಸೂಚನೆ ಇರಲಿಲ್ಲ. ನಮಗೆ ಇದೆ. ಗೊತ್ತಿದ್ದೂ ಸುಮ್ಮನಿದ್ದರೆ ನಾಳೆ ಮಕ್ಕಳು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರದು.